ನಳ ಬರುವ ದಿನ

ಉಪಾಧ್ಯಾಯರಿಗೆ ಹಾಜರಿ ಪುಸ್ತಕಕ್ಕಿಂತ ಹೆಚ್ಚು ಪರಿಚಿತವಾದ ಪುಸ್ತಕ ಇನ್ನೊಂದಿಲ್ಲ. ದಿನವೂ ಬೆಳಿಗ್ಗೆ ಅದನ್ನು ತೆರೆಯುತ್ತೇವೆ, ಹೆಸರು ಕೂಗುತ್ತೇವೆ, ಬಂದವರಿಗೊಂದು ಗುರುತು, ಬಾರದವರಿಗೊಂದು ಗುರುತು ಹಾಕಿ ಮುಚ್ಚಿಡುತ್ತೇವೆ. ಅದು ಬರೆಯುವುದಕ್ಕಷ್ಟೇ ಅಲ್ಲದೆ ಓದುವುದಕ್ಕೂ ಯೋಗ್ಯವಾದ ಪುಸ್ತಕವೆಂಬುದು ನಮಗೆ ಬಹುಕಾಲ ಹೊಳೆದಿರಲಿಲ್ಲ. ಅದನ್ನು ಓದಲು ನಮಗೆ ಕಲಿಸಿದವಳು ಐದನೆಯ ಇಯತ್ತೆಯ ಒಬ್ಬ ಹುಡುಗಿ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ನಾವು ಆಗ ಕಲಿಸುತ್ತಿದ್ದೆವು. ತಿಂಗಳ ಕೊನೆಯಲ್ಲಿ ಹಾಜರಿಯ ಮೊತ್ತ ಕೂಡಿಸುತ್ತಿರುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದೇ ಓಣಿಯಿಂದ ಬರುವ ನಾಲ್ಕೈದು ಹೆಣ್ಣುಮಕ್ಕಳು ಒಂದೇ ದಿನ ಗೈರು. ಮತ್ತೆ ನಾಲ್ಕು ದಿನ ಕಳೆದ ಮೇಲೆ ಅವರೇ ಗೈರು. ತಿಂಗಳುದ್ದಕ್ಕೂ ಇದೇ ಕ್ರಮ. ಅದೇ ಮನೆಗಳ ಗಂಡುಹುಡುಗರು ಮಾತ್ರ ಆ ದಿನಗಳಲ್ಲಿಯೂ ಹಾಜರಿದ್ದರು. ಜ್ವರವಾಗಲಿ ಹಬ್ಬವಾಗಲಿ ಹೀಗೆ ಲೆಕ್ಕ ಹಿಡಿದು ಬರುವುದಿಲ್ಲ. ಹುಡುಗಿಯರೆಲ್ಲ ಕೂಡಿ ಶಾಲೆ ತಪ್ಪಿಸುವ ಹೂಟ ಹೂಡಿದ್ದಾರೆಂದೇ ನಾವು ಭಾವಿಸಿದೆವು. ಮರುದಿನ ಅವರಲ್ಲಿ ಒಬ್ಬಳನ್ನು ಎಲ್ಲರೆದುರಿಗೆ ನಿಲ್ಲಿಸಿ ಗದರಿಸಿದೆವು. ಅವಳು ಅಳಲಿಲ್ಲ. ತಲೆ ತಗ್ಗಿಸಿ, "ನಳಾ ಬರೋ ದಿನಾರೀ ಸರ. ಅವ್ವ ಬೀಡಿ ಕೊಡಾಕ ಹೋಗಿರ್ತಾಳ. ನಾ ಇಲ್ಲಂದ್ರ ನೀರ ಹಿಡಿಯಾವ್ರ ಯಾರ್ರೀ?" ಎಂದಳು.

ತರಗತಿಯಲ್ಲಿ ಯಾರೂ ನಗಲಿಲ್ಲ. ಎಲ್ಲರಿಗೂ ಅದು ತಿಳಿದ ಸಂಗತಿಯಾಗಿತ್ತು, ತಿಳಿಯದಿದ್ದವರು ನಾವೊಬ್ಬರೇ. ನಮ್ಮ ಮನೆಯಲ್ಲಿಯೂ ನಳ ನಾಲ್ಕೈದು ದಿನಕ್ಕೊಮ್ಮೆ ಬರುತ್ತಿತ್ತಾದರೂ ಅಂಗಳದಡಿಯಲ್ಲಿ ಹೌದು ಇತ್ತು, ಮೇಲೆ ಟಾಕಿ ಇತ್ತು, ನಡುವೆ ಮೋಟಾರು ಇತ್ತು. ನೀರು ಬಂದುದೂ ಹೋದುದೂ ನಮ್ಮ ಪಾಠದ ಟಿಪ್ಪಣಿಗೆ ಅಡ್ಡಿಯಾಗುತ್ತಿರಲಿಲ್ಲ.

ಆ ವಾರವೇ ಆ ಓಣಿಗೆ ಹೋದೆವು. ಹಳೆಯ ಗಿರಣಿ ಚಾಳಿನಂಥ ಸಾಲುಮನೆಗಳು. ಒಂದೊಂದು ಮನೆಯೂ ಒಂದೂವರೆ ಕೋಣೆಯಷ್ಟು. ಹುಡುಗಿಯ ತಾಯಿ ಬಾಗಿಲ ಬಳಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಬೀಡಿಯ ಕೂಲಿ ಸಾವಿರಕ್ಕಿಷ್ಟು ಎಂಬ ಲೆಕ್ಕದ್ದು. ಸಾವಿರ ತುಂಬಬೇಕಾದರೆ ಬೆಳಗಿನಿಂದ ಸಂಜೆಯವರೆಗೆ ಬೆರಳು ನಿಲ್ಲುವಂತಿಲ್ಲ. ಕಟ್ಟಿದ್ದನ್ನು ಕೊಟ್ಟು, ಎಲೆ ತಂಬಾಕು ತರುವುದಕ್ಕೂ ಹೋಗಬೇಕು. ಎಲೆಯನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿಡದಿದ್ದರೆ ಅದು ಮಡಿಸುವಾಗ ಒಡೆಯುತ್ತದೆ. ಆದುದರಿಂದ ಅವಳಿಗೆ ನೀರು ಅಡಿಗೆಗೆ ಬೇಕಾದಂತೆ ಅನ್ನ ಗಳಿಸುವುದಕ್ಕೂ ಬೇಕು. ಮಗಳ ವಿಷಯವಾಗಿ ನಾವು ಉಪದೇಶ ಆರಂಭಿಸಿದೆವು. ಅವಳು ಕೈ ನಿಲ್ಲಿಸದೆಯೇ ಕೇಳಿ, "ಮಾಸ್ತರ, ನಿಮ್ಮ ಶಾಲಿ ನಾಳಿನೂ ಇರತೈತ್ರೀ. ನಳಾ ನಾಳಿ ಬರೂದಿಲ್ಲ" ಎಂದಳು. ಆ ಮಾತಿಗೆ ಶಿಕ್ಷಣಶಾಸ್ತ್ರದಲ್ಲಿ ಉತ್ತರ ಹುಡುಕಿದೆವು, ಸಿಗಲಿಲ್ಲ.

ಮನೆಯಲ್ಲಿದ್ದ ಪಾತ್ರೆಗಳನ್ನು ಎಣಿಸಿದೆವು. ಇನ್ನೂರು ಲೀಟರಿನ ಬ್ಯಾರಲ್ಲು ಎರಡು, ಹದಿನೈದು ಲೀಟರಿನ ಕೊಡಗಳು ಹನ್ನೆರಡು. ಮರುದಿನ ಅದನ್ನೇ ತರಗತಿಯಲ್ಲಿ ಲೆಕ್ಕವಾಗಿ ಕೊಟ್ಟೆವು. ಒಟ್ಟು 580 ಲೀಟರು. ಮನೆಯಲ್ಲಿ ಐದು ಜನ, ನಾಲ್ಕು ದಿನ. ಭಾಗಿಸಿದರೆ ತಲೆಗೆ ದಿನಕ್ಕೆ 29 ಲೀಟರು. ಒಳಚರಂಡಿಯಿರುವ ನಗರಕ್ಕೆ ತಲೆಗೆ ದಿನವೊಂದಕ್ಕೆ 135 ಲೀಟರು ಇರಬೇಕೆಂಬುದು ನಮ್ಮ ದೇಶದ ಇಂಜಿನಿಯರರು ಇಟ್ಟುಕೊಂಡ ಪ್ರಮಾಣ. ಆ ಲೆಕ್ಕದಂತೆ ಅದೇ ಕುಟುಂಬಕ್ಕೆ ನಾಲ್ಕು ದಿನಕ್ಕೆ 2700 ಲೀಟರು ಬೇಕು. ನಳದಲ್ಲಿ ಅಷ್ಟು ನೀರು ಬಂದರೂ ಅದನ್ನು ಹಿಡಿದಿಡಲು ಆ ಮನೆಯಲ್ಲಿ ಪಾತ್ರೆಯಿಲ್ಲ. ಪಾತ್ರೆಯಿದ್ದರೂ ಇಡಲು ಸ್ಥಳವಿಲ್ಲ. ಅಂದರೆ ಸರದಿಯ ನೀರಿನಲ್ಲಿ ಬಡವನ ಪಾಲನ್ನು ನಿರ್ಣಯಿಸುವುದು ನಳವಲ್ಲ, ಅವನ ಮನೆಯ ಮೂಲೆ. ಎಲ್ಲರಿಗೂ ಸಮನಾಗಿ ನಳ ಬಿಟ್ಟರೂ ಹೌದು ಇದ್ದವನಿಗೆ ಹೌದಿನಷ್ಟು, ಕೊಡ ಇದ್ದವಳಿಗೆ ಕೊಡದಷ್ಟು. ಈ ಒಂದು ಭಾಗಾಕಾರವು ನಮಗೆ ಮನೆಗೂ ನೀರಿಗೂ ಇರುವ ನಂಟನ್ನು ತೋರಿಸಿಕೊಟ್ಟಿತು.

ಹಾಗಾದರೆ ಈ ಊರಿಗೆ ನೀರಿನ ಯೋಚನೆ ಮಾಡಿದವರೇ ಇರಲಿಲ್ಲವೆ? ಇದ್ದರು. ಹನ್ನೆರಡನೆಯ ಶತಮಾನದಲ್ಲಿ, ಇದಿನ್ನೂ ಸೊನ್ನಲಿಗೆಯಾಗಿದ್ದಾಗ, ಶಿವಯೋಗಿ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ಅವರನ್ನು ವಚನಕಾರರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಊರಿನ ಮೊದಲ ನೀರಾವರಿ ಅಧಿಕಾರಿಯೆಂದು ಹೇಳುವುದಿಲ್ಲ. ಇಲ್ಲಿಯ ಪುರಸಭೆ 1852ರಷ್ಟು ಹಳೆಯದು. ಊರಿನ ಉತ್ತರಕ್ಕಿರುವ ಏಕರೂಖ ಕೆರೆ, ನಮ್ಮವರ ಬಾಯಲ್ಲಿ ಹಿಪ್ಪರಗಾ ಕೆರೆ, 1871ರಲ್ಲಿ ಮುಗಿಯಿತು. ಗಿರಣಿಗಳ ಊರಿಗೆ ಕೊಳವೆಯ ನೀರು ಅಲ್ಲಿಂದ ಬಂತು. ಮುಂದೆ ಭೀಮಾ ನದಿಯ ಟಾಕಳಿಯಿಂದ ನೀರು ತಂದರು. ಅಲ್ಲಿ ನದಿಯ ಆಚೆಯ ದಂಡೆ ಕರ್ನಾಟಕ. ಒಂದೇ ನೀರನ್ನು ಎರಡು ರಾಜ್ಯಗಳು ಎರಡು ದಡಗಳಿಂದ ನೋಡುತ್ತವೆ. ಅದೇ ಭೀಮೆಗೆ ಉಜನಿಯಲ್ಲಿ ಕಟ್ಟಿದ ಅಣೆಕಟ್ಟು 1980ರಲ್ಲಿ ಪೂರ್ಣವಾಯಿತು. ಅಲ್ಲಿಂದ ನೂರು ಕಿಲೋಮೀಟರಿಗೂ ಮಿಕ್ಕ ಕೊಳವೆ ಊರಿಗೆ ಬಂದಿತು. 1964ರಲ್ಲಿ ಪುರಸಭೆ ಮಹಾನಗರಪಾಲಿಕೆಯಾಯಿತು. ಅಪ್ಪಾಸಾಹೇಬ ವಾರದರು ಕಟ್ಟಿಸಿದ ಇಂದ್ರಭುವನದಲ್ಲಿ ಅದರ ಕಾರ್ಯಾಲಯ ನೆಲೆಸಿತು. 1930ರ ಏಪ್ರಿಲ್ 6ರಂದು, ಆಂಗ್ಲರ ಆಳಿಕೆಯಲ್ಲಿಯೇ, ತನ್ನ ಕಟ್ಟಡದ ಮೇಲೆ ರಾಷ್ಟ್ರಧ್ವಜ ಹಾರಿಸಿದ ಪುರಸಭೆ ನಮ್ಮದೆಂಬ ಅಭಿಮಾನ ಇಲ್ಲಿಯ ಮಕ್ಕಳಿಗೆಲ್ಲ ಉಂಟು. ಇಷ್ಟೆಲ್ಲ ಇದ್ದೂ ನಳ ದಿನವೂ ಬಾರದಿರಲು ಕಾರಣವೇನು?

ಉತ್ತರ ಹುಡುಕುವ ಹಾದಿ ನಮಗೆ ಅನಾಯಾಸವಾಗಿ ಒದಗಿತು. ನಮ್ಮ ಭಾಗದಲ್ಲಿ ಮನೆಮಾತು ಕನ್ನಡ, ನೆರೆಮಾತು ತೆಲುಗು ಮತ್ತು ದಖನಿ, ಕಚೇರಿಯ ಮಾತು ಮರಾಠಿ. ಅರ್ಜಿ ಬರೆಯಬೇಕಾದವರು ಕನ್ನಡ ಮಾಸ್ತರರ ಮನೆಗೆ ಬರುವುದು ಇಲ್ಲಿ ತಲೆಮಾರಿನ ರೂಢಿ. ಆ ಓಣಿಯ ತಾಯಂದಿರ ಪರವಾಗಿ ನಾವೇ ಒಂದು ಅರ್ಜಿ ಬರೆದೆವು. ನೀರು ಬಿಡುವ ವೇಳೆಯನ್ನು ಶಾಲೆಯ ಹೊತ್ತಿನಿಂದ ಬೆಳಗಿನ ಜಾವಕ್ಕೆ ಬದಲಿಸಬೇಕೆಂಬುದಷ್ಟೇ ಬೇಡಿಕೆ. ಅರ್ಜಿ ತೆಗೆದುಕೊಂಡ ಗುಮಾಸ್ತರು ಸಜ್ಜನರು. ನಮ್ಮನ್ನು ಕೂರಿಸಿ ಊರಿನ ನೀರಿನ ವ್ಯವಸ್ಥೆಯನ್ನು ವಿವರಿಸಿದರು. ಉಪಾಧ್ಯಾಯರಾದ ನಾವು ಆ ಹೊತ್ತು ವಿದ್ಯಾರ್ಥಿಗಳಾದೆವು.

ಅಣೆಕಟ್ಟು ತುಂಬಿದೆಯೆಂದ ಮಾತ್ರಕ್ಕೆ ನಳ ತುಂಬುವುದಿಲ್ಲ. ಅಷ್ಟು ದೂರದಿಂದ ನೀರನ್ನು ವಿದ್ಯುತ್ತಿನ ಬಲದಿಂದ ಎತ್ತಿ ನೂಕಬೇಕು. ಪಂಪಿನ ಮನೆಯಲ್ಲಿ ಕೆಲವು ಗಂಟೆ ವಿದ್ಯುತ್ತು ಹೋದರೆ ಊರಿನ ಸರದಿಯೇ ಒಂದು ದಿನ ಹಿಂದೆ ಬೀಳುತ್ತದೆ. ನದಿಯ ಪಾತ್ರದಲ್ಲಿ ಟಾಕಳಿಯವರೆಗೆ ಬಿಟ್ಟ ನೀರಂತೂ ಹಾದಿಯಲ್ಲಿ ಇಂಗುತ್ತದೆ, ಆವಿಯಾಗುತ್ತದೆ, ದಂಡೆಯ ಪಂಪುಗಳಿಗೆ ಏರುತ್ತದೆ. ಊರು ಮುಟ್ಟಿದ ಮೇಲೆ ಅದು ಎತ್ತರದ ಟಾಕಿಗಳನ್ನು ತುಂಬಬೇಕು. ಎಲ್ಲ ಓಣಿಗಳಿಗೂ ಒಮ್ಮೆಗೇ ಬಿಟ್ಟರೆ ಒತ್ತಡ ಸಾಲದೆ ಯಾರಿಗೂ ಮುಟ್ಟುವುದಿಲ್ಲ. ಆದುದರಿಂದ ಊರನ್ನು ಭಾಗ ಮಾಡಿ, ಚಾವಿ ತಿರುಗಿಸುವವನು ಒಂದೊಂದು ಭಾಗಕ್ಕೆ ಒಂದೊಂದು ಹೊತ್ತು ಬಿಡುತ್ತಾನೆ. ಕೊಳವೆಗಳೋ ಹಳೆಯವು. ಕೆಲವರು ನಳಕ್ಕೇ ಮೋಟಾರು ಹಚ್ಚಿ ಎಳೆದರೆ ಓಣಿಯ ಕೊನೆಯ ಮನೆಯಲ್ಲಿ ಗಾಳಿಯ ಸದ್ದು ಮಾತ್ರ. ನೀರಿಲ್ಲದ ದಿನ ಕೊಳವೆ ಬರಿದಾಗಿರುವಾಗ ಬಿರುಕಿನಿಂದ ಪಕ್ಕದ ಚರಂಡಿಯ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುವುದೂ ಉಂಟು. ನಳ ಬಂದಾಗ ಮೊದಲ ಕೊಡ ಕೊಳೆಯಾಗಿ ಬರುವುದರ ಒಂದು ಮರ್ಮ ಇದು. ನಾಲ್ಕು ದಿನ ಕೂಡಿಟ್ಟ ತಿಳಿನೀರಿನಲ್ಲಿಯೇ ಡೆಂಗೀ ಜ್ವರದ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಂದು ದಿನ ಪಾತ್ರೆಗಳನ್ನು ಬರಿದು ಮಾಡಿ ಒಣಗಿಸಿರೆಂದು ಆರೋಗ್ಯ ಖಾತೆಯವರು ಹೇಳುವುದು ಸರಿಯೇ. ಆದರೆ ನಾಳೆ ನಳ ಬರುವುದೋ ಇಲ್ಲವೋ ಎಂಬ ಸಂಶಯವಿದ್ದಲ್ಲಿ ತುಂಬಿದ ಬ್ಯಾರಲ್ಲನ್ನು ಚೆಲ್ಲುವ ಧೈರ್ಯ ಯಾವ ತಾಯಿಗಿದ್ದೀತು?

ನಮ್ಮ ಅರ್ಜಿ ವ್ಯರ್ಥವಾಗಲಿಲ್ಲ. ಕೆಲವು ವಾರಗಳಲ್ಲಿ ಆ ಓಣಿಗೆ ಬೆಳಗಿನ ಜಾವದಲ್ಲಿ ನೀರು ಬರತೊಡಗಿತು. ನಮ್ಮ ಹುಡುಗಿಯರು, ನಿದ್ದೆಗಣ್ಣಿನವರಾದರೂ, ಶಾಲೆಗೆ ಬಂದರು. ನಾವು ಹಿಗ್ಗಿದೆವು. ಆ ಹಿಗ್ಗು ಹದಿನೈದು ದಿನವೂ ಬಾಳಲಿಲ್ಲ. ಇವರ ಹಿಂದಿನ ವೇಳೆ ಪಕ್ಕದ ಓಣಿಗೆ ಹೋಗಿತ್ತು. ಈಗ ಆ ಓಣಿಯ ಹೆಣ್ಣುಮಕ್ಕಳು ನಮ್ಮ ನೆರೆಯ ಉರ್ದು ಶಾಲೆಯಲ್ಲಿ ಗೈರಾಗತೊಡಗಿದ್ದರು. ಅಲ್ಲಿಯ ಉಪಾಧ್ಯಾಯಿನಿಯೊಬ್ಬರು ದಾರಿಯಲ್ಲಿ ಸಿಕ್ಕಾಗ ಈ ಸಂಗತಿಯನ್ನು ಹೇಳಿದರು, ನಮ್ಮ ಅರ್ಜಿಯ ಸುದ್ದಿ ಅವರಿಗೆ ತಿಳಿದಿರಲಿಲ್ಲ. ನಾವು ತಲೆ ತಗ್ಗಿಸಿ ಕೇಳಿದೆವು. ಸರದಿಯನ್ನು ಬದಲಿಸಿದರೆ ಕಷ್ಟದ ಮನೆ ಬದಲಾಗುತ್ತದೆ, ಕಷ್ಟವಲ್ಲ ಎಂಬುದನ್ನು ಹೀಗೆ ಕಲಿತೆವು.

ಇನ್ನು ಮನೆಯ ಮಾತು. ಈ ಊರು ಬೆಳೆದದ್ದೇ ಕೈಕೆಲಸದವರಿಂದ. ನೂಲಿನ ಗಿರಣಿಗಳಿಗೆ, ಮಗ್ಗಗಳಿಗೆ, ಬೀಡಿಯ ಕಾರ್ಖಾನೆಗಳಿಗೆ ಕನ್ನಡ, ತೆಲುಗು, ಮರಾಠಿ ಸೀಮೆಗಳಿಂದ ಜನ ಬಂದರು. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಜನ ಉಳಿದರು, ಚಾಳುಗಳು ಉಳಿದವು. 1992ರಲ್ಲಿ ನಗರದ ಎಲ್ಲೆಯನ್ನು ಬಹುಪಾಲು ಹಿಗ್ಗಿಸಿದರು. ಆ ಹೊಸ ಪ್ರದೇಶವನ್ನು ಇಂದಿಗೂ ಹದ್ದವಾಢ ಭಾಗವೆಂದೇ ಕರೆಯುತ್ತಾರೆ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 9,51,558. ಎಲ್ಲೆಯ ಗೆರೆ ಎಳೆಯುವುದು ಸುಲಭ. ಆ ಗೆರೆಯವರೆಗೆ ಕೊಳವೆ, ಚರಂಡಿ, ದೀಪ ಒಯ್ಯುವುದು ದಶಕಗಳ ಕೆಲಸ.

ಮನೆ ಕಟ್ಟಿಸಿಕೊಳ್ಳುವುದರಲ್ಲಿ ಮಾತ್ರ ಸೊಲ್ಲಾಪುರದ ದುಡಿಯುವ ಹೆಣ್ಣುಮಕ್ಕಳು ದೇಶಕ್ಕೇ ಮಾದರಿಯಾದರು. ಅಕ್ಕಲಕೋಟೆಯ ದಾರಿಯಲ್ಲಿ, ಕುಂಭಾರಿಯ ಬಳಿ, ಬೀಡಿ ಕಟ್ಟುವ ಸ್ತ್ರೀಯರ ಸಹಕಾರಿ ಸಂಘದ ಹತ್ತು ಸಾವಿರ ಮನೆಗಳು ಎದ್ದವು. ಗೋದೂತಾಯಿ ಪರುಳೇಕರರ ಹೆಸರನ್ನು ಹೊತ್ತ ಆ ವಸಾಹತನ್ನು 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗರು ಉದ್ಘಾಟಿಸಿದರು. ಕೇಂದ್ರ, ರಾಜ್ಯ, ಕಾರ್ಮಿಕ ಸ್ತ್ರೀ, ಈ ಮೂವರೂ ಪಾಲು ಹಾಕಿದ ಮನೆಗಳವು. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ಅಲ್ಲಿಯೇ ರಾಯನಗರವೆಂಬ ಮೂವತ್ತು ಸಾವಿರ ಮನೆಗಳ ಇನ್ನೊಂದು ಯೋಜನೆ ಕೈಗೂಡಿತು. ಅದರಲ್ಲಿ ಹದಿನೈದು ಸಾವಿರ ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಒಪ್ಪಿಸಿದರು. ಬಾಡಿಗೆಯ ಕತ್ತಲೆ ಕೋಣೆಯಲ್ಲಿ ಹುಟ್ಟಿ ಮುಪ್ಪಾದವರ ಹೆಸರಿನಲ್ಲಿ ಮನೆಯ ಕಾಗದವಾಗುವುದು ಸಣ್ಣ ಮಾತಲ್ಲ. ಪ್ರಭುತ್ವ ಮನಸ್ಸು ಮಾಡಿದರೆ, ಜನ ಒಗ್ಗೂಡಿ ನಿಂತರೆ, ಬಡವರಿಗೆ ಸಹಸ್ರಗಟ್ಟಲೆ ಮನೆ ಕಟ್ಟಬಹುದೆಂಬುದಕ್ಕೆ ನಮ್ಮ ಊರೇ ಸಾಕ್ಷಿ.

ನಮ್ಮ ಹುಡುಗಿಯ ತಾಯಿಗೂ ಊರ ಹೊರಗಿನ ಒಂದು ವಸಾಹತಿನಲ್ಲಿ ಮನೆ ಬಂತು. ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ತಾಯಿ ಪೇಡೆ ಹಂಚಿದಳು. ಮುಂದಿನ ಜೂನ್ ತಿಂಗಳಲ್ಲಿ ಮಗಳ ಶಾಲೆ ಬಿಟ್ಟ ದಾಖಲೆ ಕೇಳಲು ಬಂದಳು. "ಅಲ್ಲಿಂದ ಇಲ್ಲೀತನಕ ಒಬ್ಬಾಕಿನ್ನ ಹೆಂಗ ಕಳಸ್ಲಿ ಮಾಸ್ತರ?" ಎಂದಳು. ನಾವು ಬರೆದುಕೊಟ್ಟೆವು. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆವು. ಕನ್ನಡ ಶಾಲೆಯಲ್ಲಿ ಒಂದೊಂದು ಹೆಸರಿನ ಬೆಲೆಯೇನೆಂಬುದು ಗಡಿನಾಡಿನ ಉಪಾಧ್ಯಾಯರಿಗೆ ನಾವು ಹೇಳಬೇಕಾಗಿಲ್ಲ. ಅವಳು ಹೊಸ ಮನೆಯ ಹತ್ತಿರದ ಮರಾಠಿ ಶಾಲೆ ಸೇರಿದಳು. ನಮಗೆ ನೋವಾಯಿತು, ಆದರೆ ಹತ್ತಿರದ ಶಾಲೆಗೆ ಹೋಗುವ ಮಗಳು ದೂರದ ಶಾಲೆ ಬಿಡುವ ಮಗಳಿಗಿಂತ ಮೇಲೆಂದು ಸಮಾಧಾನ ಮಾಡಿಕೊಂಡೆವು.

ಮಳೆಗಾಲ ಕಳೆದ ಮೇಲೆ ಆ ಮನೆಯನ್ನು ನೋಡಲು ಹೋದೆವು. ಗಟ್ಟಿಮುಟ್ಟಾದ ಗೋಡೆ, ಹೆಂಚಲ್ಲದ ಚಾವಣಿ, ಒಳಗೇ ಸ್ನಾನದ ಕೋಣೆ, ಪಾಯಿಖಾನೆ. ಗೋಡೆಗೆ ಹೊಳೆಯುವ ನಳ. ಅದರ ಕೆಳಗೆ ಅದೇ ಹಳೆಯ ಎರಡು ಬ್ಯಾರಲ್ಲುಗಳು, ಅದೇ ಹನ್ನೆರಡು ಕೊಡಗಳು. ಅಡಿಗೆಯ ಕಟ್ಟೆಯ ಬಳಿ ನಿಲ್ಲಲು ಸ್ಥಳವಿರಲಿಲ್ಲ. ಒಲೆಯನ್ನು ಹೊರಕೋಣೆಗೆ ಸರಿಸಿದ್ದರು. ಬೀಡಿಯ ಮೊರ ಬಾಗಿಲಾಚೆ ಮೆಟ್ಟಿಲಿಗೆ ಬಂದಿತ್ತು. ಆ ಮನೆಯ ನಕ್ಷೆ ಬರೆದವರು ದಿನವೂ ನೀರು ಬರುವ ಮನೆಯೆಂದು ತಿಳಿದು ಬರೆದಿದ್ದರು. ನೀರು ಕೊಡುವವರು ಪ್ರತಿ ಮನೆಯಲ್ಲಿ ನಾಲ್ಕು ದಿನದ ನೀರಿಗೆ ಸ್ಥಳವಿದೆಯೆಂದು ತಿಳಿದು ಕೊಡುತ್ತಿದ್ದರು. ಇಬ್ಬರೂ ಅಪ್ರಾಮಾಣಿಕರಲ್ಲ, ಇಬ್ಬರ ಕಾಗದಗಳು ಒಂದೇ ಮೇಜಿನ ಮೇಲೆ ಸೇರಿರಲಿಲ್ಲ, ಅಷ್ಟೇ. ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ ಮೊದಲು ತೀರ ಬಡವರ ಮನೆಯ ಒಳಗಿನ ಅಳತೆ 30 ಚದರ ಮೀಟರಿನವರೆಗೆ ಇತ್ತು. ಅಷ್ಟರಲ್ಲಿ ಐದು ಜನ ಮಲಗಬೇಕು, ಉಣ್ಣಬೇಕು, ದುಡಿಯಬೇಕು, ಓದಬೇಕು. ಅದರಲ್ಲಿ ನೀರಿನ ಪಾತ್ರೆಗಳಿಗೆ ಬಿಟ್ಟುಕೊಟ್ಟ ಒಂದೊಂದು ಚದರ ಮೀಟರೂ ಪ್ರಭುತ್ವ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಂದೆ ಪಡೆದ ಮನೆಯ ಭಾಗವೇ ಸರಿ.

ಮತ್ತೊಂದು ತೊಡಕೂ ಇದೆ. ದೊಡ್ಡ ವಸಾಹತಿಗೆ ಅಗ್ಗದ ನೆಲ ಸಿಗುವುದು ಊರಿನ ಎಲ್ಲೆಯಾಚೆಗೆ. ಅಲ್ಲಿ ಒಮ್ಮೆಗೇ ಒಂದು ಪಟ್ಟಣವೇ ಎದ್ದು ನಿಂತಾಗ, ಅದರ ಕಸ, ಕೊಳಚೆ, ದೀಪ, ಹಾದಿಗಳ ಭಾರವು ಒಂದು ಹಳ್ಳಿಯ ಅಳತೆಗೆ ಹೊಂದುವಂತೆ ರೂಪುಗೊಂಡ ಗ್ರಾಮಪಂಚಾಯಿತಿಯ ಬಾಗಿಲಿಗೆ ಬರುತ್ತದೆ. ದುಡಿಮೆ ನಗರದಲ್ಲಿ, ನಿದ್ದೆ ಹಳ್ಳಿಯಲ್ಲಿ. ಘಂಟಾಗಾಡಿ ಎಲ್ಲೆಯ ಕಲ್ಲಿನ ಬಳಿ ಹಿಂದಿರುಗುತ್ತದೆ. ಸಂವಿಧಾನಕ್ಕೆ 1992ರಲ್ಲಿ ಆದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ಹದಿನೆಂಟು ವಿಷಯಗಳನ್ನು ಹೇಳಿದೆ. ನೀರು, ನೈರ್ಮಲ್ಯ, ಕೊಳಚೆಗೇರಿಗಳ ಸುಧಾರಣೆ ಎಲ್ಲವೂ ಅದರಲ್ಲಿವೆ. ಪಟ್ಟಿ ದೊಡ್ಡದು, ಬೊಕ್ಕಸ ಸಣ್ಣದು. ಕಟ್ಟುವುದಕ್ಕೆ ಮೇಲಿನಿಂದ ಅನುದಾನ ಬರುತ್ತದೆ. ಕಟ್ಟಿದ್ದನ್ನು ನಡೆಸುವುದಕ್ಕೆ ಕೆಳಗಿನ ಘರಪಟ್ಟಿ, ನಳಪಟ್ಟಿಗಳೇ ಆಧಾರ. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅರ್ಜಿ ಬರೆಯಲು ಹೋದ ವರ್ಷ ನಮ್ಮ ಮನೆಯ ಪಟ್ಟಿಯೇ ಎರಡು ವರ್ಷದಿಂದ ಬಾಕಿಯಿತ್ತು. ಆ ಗುಮಾಸ್ತರು ಅದನ್ನು ಕಂಡೂ ಬಾಯಿ ಬಿಡಲಿಲ್ಲ. ಮರುದಿನವೇ ಹೋಗಿ ತುಂಬಿ ಬಂದೆವು.

ಮನೆ ಒಪ್ಪಿಸುವ ದಿನ ಮಂಟಪ ಹಾಕುತ್ತಾರೆ, ಹಾರ ಹಾಕುತ್ತಾರೆ, ಕಲ್ಲಿನಲ್ಲಿ ಹೆಸರು ಕೊರೆಯುತ್ತಾರೆ. ಅದು ತಕ್ಕುದೇ. ಆದರೆ ಬೆಳಗಿನ ನಾಲ್ಕಕ್ಕೆದ್ದು ಚಾವಿ ತಿರುಗಿಸುವವನಿಗೆ ಕಲ್ಲಿಲ್ಲ. ಚರಂಡಿಯಲ್ಲಿ ಇಳಿದು ಕೊಳವೆಯ ಸೋರಿಕೆ ಕಟ್ಟುವವನಿಗೆ ಹಾರವಿಲ್ಲ. ಕಟ್ಟುವುದು ಒಂದು ದಿನ ಮುಗಿಯುವ ಕೆಲಸ. ಸೇವೆ ಎಂದಿಗೂ ಮುಗಿಯದ ಕೆಲಸ. ಮುಗಿಯದ ಕೆಲಸಕ್ಕೆ ಉದ್ಘಾಟನೆಯಿಲ್ಲ. ಉದ್ಘಾಟನೆಯಿಲ್ಲದ ಕೆಲಸದ ಮೇಲೆ ನಮ್ಮೆಲ್ಲರ ಕಣ್ಣು ಬೀಳುವುದೂ ಕಡಿಮೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳಲ್ಲಿ ಸೊಲ್ಲಾಪುರದ ಹೆಸರು ಬಂದಾಗ, ಉಜನಿಯಿಂದ ಎರಡನೆಯ ಕೊಳವೆಯ ಮಾತು ಎದ್ದಾಗ, ನಾವೂ ಸಂತೋಷಪಟ್ಟೆವು. ದೊಡ್ಡ ಕೊಳವೆ ಬೇಕೇ ಬೇಕು. ಅದರೊಡನೆ ಓಣಿಯ ಒಳಗಿನ ಸಣ್ಣ ಕೊಳವೆ, ಅದನ್ನು ನೋಡಿಕೊಳ್ಳುವ ಕೈ, ಮನೆಯ ನಕ್ಷೆಯನ್ನೂ ನೀರಿನ ನಕ್ಷೆಯನ್ನೂ ಒಂದೇ ಮೇಜಿನ ಮೇಲೆ ಹರಡುವ ವಿವೇಕ, ಇವೂ ಬೇಕು.

ಉಪಾಧ್ಯಾಯ ಬಂಧುಗಳೇ, ನಾವು ಕೊಳವೆ ಹಾಕಲಾರೆವು. ಗೈರಿನ ಗುರುತು ಹಾಕುವ ಮುನ್ನ ಮಗುವಿನ ಓಣಿಗೆ ಅಂದು ನಳವೇ ಎಂದು ಕೇಳಬಲ್ಲೆವು. ತಪ್ಪಿದ ಪಾಠವನ್ನು ಸಂಜೆ ಅರ್ಧ ಗಂಟೆ ಕುಳಿತು ಹೇಳಿಕೊಡಬಲ್ಲೆವು. ಅಂದಿನಿಂದ ನಾವು ಹಾಗೆ ಮಾಡುತ್ತ ಬಂದೆವು. ಕೊಡ ಹಿಡಿಯಲು ಮಗಳನ್ನೇ ಏಕೆ ನಿಲ್ಲಿಸಬೇಕು, ಮಗನನ್ನು ಏಕಲ್ಲ ಎಂದು ಪಾಲಕರ ಸಭೆಯಲ್ಲಿ ಕೇಳಬಲ್ಲೆವು. ಪೌರನೀತಿಯ ಪಾಠವನ್ನು ಪುಸ್ತಕದಿಂದಷ್ಟೇ ಹೇಳದೆ, ತಮ್ಮ ಓಣಿಗೆ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಕ್ಕಳಿಂದಲೇ ಬರೆಯಿಸಬಲ್ಲೆವು.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಆ ಹುಡುಗಿ ಎರಡು ವರ್ಷದ ಮೇಲೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ಕೆರೆಯ ದಂಡೆಯ ಮೇಲೆ ನಮಗೆ ಸಿಕ್ಕಳು. ಕೈಯಲ್ಲಿ ತಮ್ಮನಿದ್ದನು. ಕುಶಲ ಕೇಳಿದೆವು. ನೀರಿನ ಮಾತು ಬಂದಾಗ, "ಈಗ ನೀರ ಹಿಡಿಯೂದು ಇವನ ಪಾಳಿರೀ ಸರ, ಒಂದ ಸಲ ಅಂವ, ಒಂದ ಸಲ ನಾ" ಎಂದಳು. ವಸಾಹತಿನಲ್ಲಿ ನಳ ಯಾವ ದಿನ ಬಂತು, ಎಷ್ಟು ಹೊತ್ತು ಬಂತು ಎಂದು ಒಂದು ವಹಿಯಲ್ಲಿ ಬರೆದಿಡುತ್ತಿದ್ದಾಳಂತೆ. ಸಭೆ ಸೇರಿದಾಗ ದೊಡ್ಡವರು ಅದನ್ನೇ ಕೇಳಿ ಒಯ್ಯುತ್ತಾರಂತೆ. ಯಾವ ಭಾಷೆಯಲ್ಲಿ ಬರೆಯುತ್ತೀ ಎಂದು ಕೇಳಬೇಕೆಂಬ ಆಸೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅವಳೇ, "ಅಂಕಿ ಮಾತ್ರ ಕನ್ನಡದಾಗ ಹಾಕ್ತೀನ್ರೀ, ಅವನ್ನ ಬ್ಯಾರೇದವ್ರು ತಿದ್ದಾಕ ಆಗೂದಿಲ್ಲ" ಎಂದು ನಕ್ಕಳು.

ನಾವು ಅವಳನ್ನು ಒಮ್ಮೆ ಎಲ್ಲರೆದುರಿಗೆ ನಿಲ್ಲಿಸಿ ಗದರಿಸಿದ್ದೆವು. ಅಂದು ನಮಗೆ ಹಾಜರಿ ಪುಸ್ತಕ ಬರೆಯಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.